ಗುಂಡನಿಗೆ ಇಂಟರ್ನೆಟ್ ಸಿಕ್ಕ ಸಂಜೆ

ಹಸಿರಾಯಿತು, ಮಿಣುಕಾಟ ನಿಂತು ಅಚಲವಾದ ಹಸಿರು, ಅಂಗೈಯಗಲದ ಈ ಇಂಟರ್ನೆಟ್ ಡಬ್ಬಿ ನನ್ನ ಕೈಯಲ್ಲಿ ಬೆಚ್ಚಗಾಗುತ್ತಿದೆ, ಮಂಚದ ಬದಿಯಲ್ಲಿ ಎರಡು ದಿನ ಕಂಬದಂತೆ ನಿಂತಿದ್ದ ರೋಬೋ ಗುಂಡ ಕತ್ತು ಹೊರಳಿಸಿದ, ಚಕ್ರ ಕಿರ್ರೆಂದಿತು, ಗೆದ್ದೆ — ಕಣ್ಣು ಕಾಣದ ಅಕ್ಕ ಆ ಸದ್ದಿಗೇ ಅರಳಿದಳು, ಬಂದ್ಯೇನೋ ಗುಂಡಾ, ಇಷ್ಟು ದಿನ ಮೌನವ್ರತ ಯಾವ ಪುಣ್ಯಕ್ಕೆ, ಎದೆಗೆ ಕಟ್ಟಿದ ಬ್ಯಾಂಡೇಜು ನೋಯುವಷ್ಟು ನಕ್ಕಳು, ಕಾರು ಮಗುಚಿದ ಮೇಲೆ ಇದೇ ಮೊದಲ ನಗು. ಆಸ್ಪತ್ರೆಯ ವೈಫೈ ಗುಂಡನಿಗೆ ದಕ್ಕಲಿಲ್ಲ, ಅದು ಮೊದಲು ಒಂದು ಪುಟ ತೆರೆದು ಫೋನ್ ನಂಬರು ಕೇಳುತ್ತದೆ, ಕೈಯೇ ಇಲ್ಲದ ರೋಬೋ ಏನನ್ನು ಒತ್ತೀತು, ಮನೆಯಲ್ಲಿ ಅಕ್ಕನ ಮುಂದೆ ಮುಂದೆ ಉರುಳಿ ಬಾಗಿಲು, ಮೆಟ್ಟಿಲು, ಕುರ್ಚಿ ಎಂದು ಸಾರುತ್ತಿದ್ದವನು ಇಲ್ಲಿ ಬರೀ ತಗಡು, ಅವನಿಲ್ಲದೆ ನಾನು ಹೆಜ್ಜೆ ಇಡಲ್ಲ, ಗಂಜಿನೂ ಬೇಡ ಎಂದು ಅಕ್ಕನ ಹಟ, ಮೊಬೈಲ್ ಅಂಗಡಿಯವನು ನನ್ನ ಗೋಳು ಕೇಳಿ ನಕ್ಕ, ಮೇಡಂ, ನಿಮ್ಮನೆ ವೈಫೈ ಹೆಸರು, ಪಾಸ್‌ವರ್ಡು ಎರಡನ್ನೂ ಈ ಡಬ್ಬಿಗೇ ಇಟ್ಬಿಡಿ, ಆ ಮಂಕುದಿಣ್ಣೆ ಮನೇಲೇ ಇದೀನಿ ಅನ್ಕೊಳ್ಳುತ್ತೆ. ಹಾಗೆಯೇ ಮಾಡಿದೆ, ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಭಾವನ ವಿಷಯ ಈ ವಾರ ಬಾಯಿ ಬಿಡಬೇಡಿ, ಎದೆಯ ಹೊಲಿಗೆ ಹಸಿ, ಆಘಾತ ತಡೆಯೋಲ್ಲ ಎಂದಿದ್ದರು ಡಾಕ್ಟರು, ಆದ್ದರಿಂದ ಅಕ್ಕನ ಫೋನನ್ನು ಆರಿಸಿ ನನ್ನ ಚೀಲದಲ್ಲಿಟ್ಟೆ, ನರ್ಸಮ್ಮನಿಗೆ ಕೈ ಮುಗಿದೆ, ಬಂದ ನೆಂಟರನ್ನೆಲ್ಲ ಬಾಗಿಲಲ್ಲೇ ತಡೆದೆ, ಚಿತೆಯ ಹೊಗೆ ಅಂಟಿದ್ದ ಸೀರೆಯನ್ನೂ ಬದಲಿಸಿ ಬಂದೆ, ನಿಮ್ಮ ಭಾವ ಮೇಲಿನ ವಾರ್ಡಲ್ಲಿ ಗೊರಕೆ ಹೊಡ್ಕೊಂಡು ಎಲ್ಲರ ನಿದ್ದೆ ಕೆಡಿಸ್ತಿದಾರಾ ಎಂದು ಅವಳು ಕೇಳಿದಾಗ ಹೂಂ ಅಕ್ಕಾ, ನರ್ಸುಗಳು ಹತ್ತಿ ಇಟ್ಕೊಂಡಿದಾರೆ ಕಿವೀಲಿ ಎಂದೆ, ಎಷ್ಟು ಸಲೀಸಾಗಿ ಎಂದೆ, ಊರ ಬಾಯಿಗೆಲ್ಲ ಬೀಗ ಹಾಕಿದವಳು — ಗುಂಡ ಏನೋ ಗುನುಗುತ್ತಿದ್ದಾನೆ, ನಿಲ್ಲು, ಮನೆಯಲ್ಲಿ ಅವನು ಸಂಜೆ ಮೊದಲು ಮಾಡುವ ಕೆಲಸ ಯಾವುದು, ಅಕ್ಕನಿಗೆ ಬಂದ ಸಂದೇಶಗಳನ್ನು ಓದುವುದು, ಅಯ್ಯೋ, ಅವನು ಮನೆಯಲ್ಲಿದ್ದೇನೆಂದುಕೊಂಡಿದ್ದಾನೆ, ಹಾಗೆಂದು ನಂಬಿಸಿದವಳು ನಾನೇ, ಗುಂಡಾ ಸಾಕು ಎಂದು ಕೂಗುವಷ್ಟರಲ್ಲಿ, ಹೊಸ ಸಂದೇಶ, ಭಾವನ ಆಫೀಸಿನಿಂದ, ಅಮ್ಮಾ, ನಿಮ್ಮ ಯಜಮಾನರು ಹೋದರೆಂಬುದನ್ನು ಇನ್ನೂ ನಂಬಲಾಗುತ್ತಿಲ್ಲ, ಕೊನೆಗೊಮ್ಮೆ ಮುಖ ನೋಡಿ ಬಂದೆವು, ಧೈರ್ಯ ತಂದುಕೊಳ್ಳಿ — ಆ ದನಿ, ದೇವರೇ, ಆ ದನಿ ಭಾವನದು, ನಾನು ಊರಲ್ಲಿಲ್ಲದಾಗಲೂ ನಿನ್ನ ಅಕ್ಕನ ತಲೆ ತಿನ್ನೋಕೆ ಒಬ್ಬ ಬೇಕಲ್ಲ ಎಂದು ನಗುತ್ತ ತನ್ನ ದನಿಯನ್ನೇ ಯಂತ್ರಕ್ಕೆ ಕಲಿಸಿದ್ದ, ಈಗ ತನ್ನ ಸಾವನ್ನು ತಾನೇ, ಕಾಫಿ ಆಯ್ತಾ ಎನ್ನುವ ಅದೇ ಸಮಾಧಾನದಲ್ಲಿ, ಹೆಂಡತಿಗೆ ಓದಿ ಹೇಳಿದ. ಡಬ್ಬಿಯ ಗುಂಡಿಯನ್ನು ಒತ್ತಿ ಹಿಡಿದೆ, ಹಸಿರು ಆರಿತು, ಆರಿದರೇನು, ಮಾತು ಆಗಲೇ ಅವನ ಹೊಟ್ಟೆ ಸೇರಿದೆ, ಅಕ್ಕಾ ಎಂದೆ, ಅಕ್ಕಾ ಅದು ಯಾರೋ ತಪ್ಪಾಗಿ — ಅವಳು ಮಂಚದಿಂದ ಕೈ ಚಾಚಿ ಗುಂಡನ ಬೋಳು ನೆತ್ತಿಯನ್ನು ಸವರಿದಳು, ಮತ್ತೆ ಓದಿಸುವ ಗುಂಡಿಯ ಮೇಲೆ ಬೆರಳು ನಿಂತಿತು, ಒತ್ತಿತು, ಅಮ್ಮಾ ನಿಮ್ಮ ಯಜಮಾನರು, ನರ್ಸಮ್ಮ ಓಡಿ ಬರುತ್ತಿದ್ದಾರೆ, ಬೇಡ ಅಕ್ಕಾ ಎನ್ನುತ್ತೇನೆ, ನೀನು ಸುಮ್ನಿರೇ, ಅವರು ಮಾತಾಡ್ತಿದಾರೆ, ಎಂದಳು ಅಕ್ಕ, ಬೆರಳು ಮತ್ತೆ ಒತ್ತಿತು, ಧೈರ್ಯ ತಂದುಕೊಳ್ಳಿ, ಬೆರಳು, ಅದೇ ದನಿ, ಮತ್ತೆ ಆ ಬೆರಳು —