ಗೇಣುದ್ದದ ನೀರಿನ ಲಾರಿ

ಆ ಮನೆಯ ಸೊಸೆಯ ಕಸುಬು ಹಲ್ಲು ಮಾಡುವುದು. ಕೀಳುವುದಲ್ಲ, ಮಾಡುವುದು. ದಂತವೈದ್ಯರು ಕಳಿಸಿದ ಅಚ್ಚುಗಳನ್ನು ಮುಂದಿಟ್ಟುಕೊಂಡು, ಊರಿನ ಅರ್ಧ ಮುದುಕರ ಬಾಯಿಗೆ ಬೇಕಾದ ಹಲ್ಲುಸೆಟ್ಟುಗಳನ್ನು ಮೇಣದಲ್ಲಿ ತಿದ್ದಿ, ಉಜ್ಜಿ, ಹೊಳಪು ಕೊಟ್ಟು ಕಳಿಸುತ್ತಿದ್ದಳು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಾಕು, ಮುದುಕರು ಊಟ ಬಿಟ್ಟು ಬೈಯಲು ಕೂರುತ್ತಾರೆ. ಹೀಗಾಗಿ ಅವಳ ಕೈಯೂ ಪಳಗಿತ್ತು, ಕಿವಿಯೂ ಪಳಗಿತ್ತು.

ಬೈಯದ ಮುದುಕರು ಒಬ್ಬರೇ ಒಬ್ಬರು, ಅವರು ಮನೆಯಲ್ಲೇ ಇದ್ದರು. ಅವಳ ಮಾವ. ಆದರೆ ಅವರು ಹೊಗಳುತ್ತಲೂ ಇರಲಿಲ್ಲ, ಅದೇ ತೊಂದರೆ. ಮದುವೆಯಾಗಿ ಎಂಟು ವರ್ಷವಾಗಿತ್ತು. ಈ ಎಂಟು ವರ್ಷದಲ್ಲಿ ಅವರು ಸೊಸೆಯ ಜೊತೆ ಆಡಿದ ಮಾತನ್ನೆಲ್ಲ ಬರೆದಿಟ್ಟರೆ ಒಂದು ಪೋಸ್ಟ್ ಕಾರ್ಡು ತುಂಬುತ್ತಿರಲಿಲ್ಲ. ಅವಳು ಕೈಯಾರೆ ಮಾಡಿಕೊಟ್ಟ ಹಲ್ಲುಸೆಟ್ಟನ್ನು ಹಾಕಿಕೊಂಡು, ಎರಡು ಸಲ ಕಚ್ಚಿ ನೋಡಿ, "ಹೂಂ" ಅಂದಿದ್ದರು. ಅಷ್ಟೆ. ಕೆಟ್ಟವರೇನಲ್ಲ, ಮಾತಿನಲ್ಲಿ ಮಹಾ ಜಿಪುಣರು.

ಅವರ ಬಾಯಿ ಬಿಡಿಸುತ್ತಿದ್ದ ವಿಷಯ ಒಂದೇ, ಲಾರಿ. ಹದಿನೆಂಟು ವರ್ಷ ಅವರು ಸೈನ್ಯದಲ್ಲಿ ನೀರಿನ ಲಾರಿ ಓಡಿಸಿದ್ದರು. ಕೋವಿ ಹಿಡಿದು ನುಗ್ಗಿದವರಲ್ಲ, ಶಿಬಿರದಿಂದ ಶಿಬಿರಕ್ಕೆ ಕುಡಿಯುವ ನೀರು ಸಾಗಿಸಿದವರು. ಯಾರಾದರೂ ಕೆದಕಿದರೆ ಒಂದು ಮಾತು ಮಾತ್ರ ತಪ್ಪದೆ ಹೇಳುತ್ತಿದ್ದರು: "ನಮ್ಮಲ್ಲಿ ಡ್ರೈವರನ್ನ ಕೇಳ್ದೆ ಯಾರೂ ಗಾಡಿ ಮುಟ್ತಿರಲಿಲ್ಲ. ದೊಡ್ಡ ಸಾಹೇಬ್ರೂ ಅಷ್ಟೇ, ಕೇಳಿಯೇ ಹತ್ತಬೇಕು."

ಸೊಸೆಗೆ ಬಿಡುವಿನಲ್ಲಿ ಪುಟ್ಟ ಸೇನಾವಾಹನಗಳನ್ನು ಜೋಡಿಸುವ ಹುಚ್ಚು. ಪೆಟ್ಟಿಗೆಯಲ್ಲಿ ಬಿಡಿಭಾಗ ಬರುತ್ತದೆ, ಕತ್ತರಿಸಿ, ಅರದಿಂದ ಉಜ್ಜಿ, ಅಂಟಿಸಿ, ಬಣ್ಣ ಹೊಡೆಯಬೇಕು. ಹಜಾರದ ಗಾಜಿನ ಕಪಾಟಿನಲ್ಲಿ ಆಗಲೇ ಎರಡು ಟ್ಯಾಂಕು, ಒಂದು ಆಂಬುಲೆನ್ಸು ನಿಂತಿದ್ದವು. "ಕಪಾಟಲ್ಲಿ ಯುದ್ಧ ಶುರುವಾದ್ರೆ ಮೊದಲು ಸಾಯೋದು ಸೋಫಾ ಮೇಲೆ ಮಲಗಿರೋ ನಾನೇ ನೋಡು" ಎಂದು ಗಂಡ ರೇಗಿಸುತ್ತಿದ್ದ.

ಸೈನ್ಯದ ಹಳೆಯ ಇಬ್ಬರು ಜೊತೆಗಾರರು ಈ ಭಾನುವಾರ ಊಟಕ್ಕೆ ಬರುತ್ತಾರೆಂದು ಮಾವ ಹೇಳಿದ್ದು ಎರಡು ತಿಂಗಳ ಹಿಂದೆ. ಅವತ್ತೇ ಅವಳು ನೀರಿನ ಲಾರಿಯ ಪೆಟ್ಟಿಗೆ ತರಿಸಿದಳು. ಅವಳಿಗೆ ಬೇಕಾಗಿದ್ದು ಇಷ್ಟೇ: ಅದನ್ನು ನೋಡಿ ಮಾವ ತಮ್ಮ ಬಾಯಿಂದ "ಇದು ನನ್ನ ಗಾಡಿ" ಅನ್ನಬೇಕು. ಎಂಟು ವರ್ಷದ "ಹೂಂ"ಗಳಿಗೆ ಅದೊಂದು ಮಾತು ಸಿಕ್ಕರೆ ಸಾಕಿತ್ತು.

"ಮಾವ, ನಿಮ್ಮ ಗಾಡಿ ನಂಬರ್ ನೆನಪಿದೆಯಾ?" ಎಂದು ಕೇಳಿದ್ದಳು. ತಮ್ಮ ಫೋನ್ ನಂಬರು ನೆನಪಿಲ್ಲದ ಮನುಷ್ಯ ಪತ್ರಿಕೆಯಿಂದ ತಲೆಯೆತ್ತದೆ ಅಷ್ಟೂ ಅಂಕಿ ಒದರಿಬಿಟ್ಟರು. ಒಂದು ಕಪ್ಪುಬಿಳುಪು ಫೋಟೋ ಕೂಡ ಸಿಕ್ಕಿತು. ತೆಳ್ಳಗಿನ ಯುವಕನೊಬ್ಬ ಲಾರಿಗೆ ಒರಗಿ ನಿಂತಿದ್ದಾನೆ. ಹಿಂದೆ ಮಡ್‌ಗಾರ್ಡಿನ ಮೇಲೆ ದೊಡ್ಡ ಬಿಳಿ ಕಲೆ. ಹಳೆಯ ಫೋಟೋ, ಹಾಳಾಗಿದೆ ಅಂದುಕೊಂಡಳು.

ಆರು ವಾರ ಜೋಡಣೆಗೇ ಹಿಡಿಯಿತು. ಮೇಣ ತಿದ್ದುವ ಚಾಕುವಿನಲ್ಲಿ ಬಾಗಿಲಿನ ಅಂಚು ಕೆರೆದಳು, ಹಲ್ಲು ಕೊರೆಯುವ ಸಣ್ಣ ಮೊನೆಯಲ್ಲಿ ಹಿಂಬದಿಯ ನಲ್ಲಿಗಳಿಗೆ ತೂತು ಮಾಡಿದಳು. ಹಸಿರು ಬಣ್ಣ ಬಂತು, ನಂಬರು ಬಂತು, ಎಲ್ಲದರ ಮೇಲೆ ತೆಳುವಾಗಿ ಒಂದು ಕೋಟು ವಾರ್ನಿಷ್ ಬಂತು. ಆಮೇಲೆ ಅವಳ ನಿಜವಾದ ಕೈಚಳಕ ಶುರುವಾಯಿತು. ಈ ಹವ್ಯಾಸದವರಿಗೆ ಹೊಸ ಗಾಡಿ ಅಂದರೆ ಆಟಿಕೆ; ದುಡಿದು ಸುಸ್ತಾದ ಹಾಗೆ ಕಂಡರೆ ಮಾತ್ರ ಅದು ಗಾಡಿ. ಸ್ಪಂಜಿನ ಚೂರಿನಿಂದ ಬಣ್ಣ ಕಿತ್ತ ಗುರುತು ಒತ್ತಿದಳು. ಕಂದು ತೈಲವರ್ಣದಿಂದ ನೀರಿನ ತೊಟ್ಟಿಗೆ ತುಕ್ಕು ಇಳಿಸಿದಳು. ಇಟ್ಟಿಗೆ ಪುಡಿ ಕಲಸಿ ಚಕ್ರದ ಮೇಲೆಲ್ಲ ಕೆಸರು ಸಿಡಿಸಿದಳು. ಎರಡು ವಾರದ ಶ್ರಮ. ಇನ್ನು ಹಾರ್ನ್ ಹೊಡೆಯುವುದೊಂದು ಬಾಕಿ ಅನ್ನುವಂತಿತ್ತು.

ಶುಕ್ರವಾರ ಸಂಜೆ ಚಹಾದ ಹೊತ್ತಿಗೆ ಅದನ್ನು ತಂದು ಮಾವನ ಮುಂದೆ ಮೇಜಿನ ಮೇಲಿಟ್ಟಳು. ಗಂಡನೂ ಫೋನು ಬದಿಗಿಟ್ಟು ನೋಡಿದ.

ಮಾವ ಕನ್ನಡಕ ಹಾಕಿಕೊಂಡರು. ಬಗ್ಗಿ ನಂಬರು ಓದಿದರು. ತುಟಿ ಅಲುಗಿತು. ಆಮೇಲೆ ಚಕ್ರ ನೋಡಿದರು, ತೊಟ್ಟಿ ನೋಡಿದರು, ಕನ್ನಡಕ ತೆಗೆದರು.

"ಇದು ನನ್ನ ಗಾಡಿ ಅಲ್ಲ."

"ನಂಬರ್ ಅದೇ ಅಲ್ವಾ ಮಾವ?"

"ನಂಬರ್ ನಂದೇ. ಗಾಡಿ ನಂದಲ್ಲ." ಅವರು ಎದ್ದು ಹೊರಗಿನ ಜಗಲಿಗೆ ಹೋಗಿ ಕುಳಿತರು.

ಅವಳಿಗೆ ಕಣ್ಣು ತುಂಬಿಬಂತು. "ಬಿಡೇ, ಅಪ್ಪನ್ನ ಮೆಚ್ಚಿಸೋದು ಯಾರ ಕೈಲೂ ಆಗಿಲ್ಲ, ನಾನು ನಲವತ್ತು ವರ್ಷದಿಂದ ನೋಡ್ತಿದೀನಿ" ಎಂದು ಗಂಡ ಸಮಾಧಾನ ಹೇಳಿದ. ಸಮಾಧಾನ ಹೇಳುವವರು ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟೋ ವಾಸಿ. ಅವಳಿಗೆ ದುಃಖ ಹೋಗಿ ಸಿಟ್ಟು ಬಂತು. ಸಿಟ್ಟು ಬಂದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಜಗಲಿಗೆ ಹೋಗುವ ಧೈರ್ಯ ಬರುತ್ತಿರಲಿಲ್ಲ.

"ಮಾವ, ಏನು ತಪ್ಪಾಗಿದೆ ಅಂತಾದ್ರೂ ಹೇಳಿ. ಹಲ್ಲುಸೆಟ್ಟು ಕಚ್ಚಿದ್ರೆ ಎಲ್ಲಿ ಕಚ್ತಿದೆ ಅಂತ ಹೇಳ್ತಾರೆ ಜನ. ನೀವು ಅದನ್ನೂ ಹೇಳಲ್ಲ."

ಮಾವ ಬೆರಗಾಗಿ ಅವಳನ್ನು ನೋಡಿದರು. ಸೊಸೆಗೂ ಗಂಟಲಿದೆ ಎಂದು ಆಗಲೇ ಗೊತ್ತಾದವರ ಹಾಗೆ.

"ಕೊಳೆ, ಅಮ್ಮ," ಎಂದರು ನಿಧಾನವಾಗಿ. "ಅದು ನೀರಿನ ಗಾಡಿ. ಇನ್ನೂರು ಜನ ಅದರಿಂದ ನೀರು ಕುಡೀಬೇಕು. ಗಾಡಿ ಮೇಲೆ ಕೆಸರು ಕಂಡ್ರೆ ಒಳಗಿನ ನೀರು ಯಾರು ಬಾಯಿಗಿಡ್ತಾರೆ? ದಿನಾ ಬೆಳಗ್ಗೆ ಒಂದು ಬಕೆಟ್ ನೀರಲ್ಲಿ ತೊಳೀತಿದ್ದೆ. ಮಡ್‌ಗಾರ್ಡಲ್ಲಿ ಮುಖ ನೋಡ್ಕೊಂಡು ಗಡ್ಡ ಹೆರೀತಿದ್ದೆ, ಗೊತ್ತಾ?"

ಅವಳಿಗೆ ಫೋಟೋ ನೆನಪಾಯಿತು. ಆ ಬಿಳಿ ಕಲೆ ಫೋಟೋ ಹಾಳಾದದ್ದಲ್ಲ, ಮಡ್‌ಗಾರ್ಡು ಹೊಳೆದದ್ದು. ತನ್ನ ಪೆದ್ದುತನಕ್ಕೆ ತಾನೇ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ದಿನವೂ ಬೇರೆಯವರ ಬಾಯಿಗಿಡುವ ವಸ್ತುವನ್ನೇ ಮಾಡುವವಳು ತಾನು! ಕೊಳಕು ಮೇಜಿನ ಮೇಲೆ ಹಲ್ಲುಸೆಟ್ಟು ಇಟ್ಟು ಕೊಟ್ಟರೆ ಯಾರು ತೆಗೆದುಕೊಳ್ಳುತ್ತಾರೆ?

"ತೊಳೆದರೆ ಹೋಗುತ್ತೆ ಮಾವ. ಕೊಳೆ ಕೆಳಗೆ ವಾರ್ನಿಷ್ ಇದೆ, ಬಣ್ಣಕ್ಕೇನೂ ಆಗಲ್ಲ," ಎಂದಳು.

"ಹೋಗುತ್ತಾ?"

"ಟರ್ಪೆಂಟೈನಲ್ಲಿ ಹೋಗುತ್ತೆ."

ಶನಿವಾರ ಬೆಳಗ್ಗೆ ಅವಳು ಕಿಟಕಿ ತೆರೆದು, ಕಿವಿ ಸ್ವಚ್ಛ ಮಾಡುವ ಹತ್ತಿಕಡ್ಡಿಗಳನ್ನು ಹರಡಿಕೊಂಡು ಕುಳಿತಳು. ಎರಡನೆಯ ಕಡ್ಡಿ ಕೊಳೆಯಾಗುವಷ್ಟರಲ್ಲಿ ಪಕ್ಕಕ್ಕೆ ಒಂದು ಕುರ್ಚಿ ಎಳೆದ ಸದ್ದಾಯಿತು.

"ಮೊದಲು ಚಕ್ರ ತೊಳೀಬಾರದಮ್ಮ," ಎಂದರು ಮಾವ. "ಮೇಲಿಂದ ಕೊಳೆ ಇಳಿದು ಮತ್ತೆ ಅಲ್ಲಿಗೇ ಬರುತ್ತೆ. ಮೊದಲು ತಲೆ, ಆಮೇಲೆ ಗಾಜು, ಆಮೇಲೆ ತೊಟ್ಟಿ. ಚಕ್ರ ಕೊನೇಗೆ. ಕೊಡು ಇಲ್ಲಿ."

ಎರಡು ವಾರದ ಕೈಚಳಕ ಒಂದು ಬೆಳಗ್ಗೆಯಲ್ಲಿ ಹತ್ತಿಗೆ ಹತ್ತಿಕೊಂಡು ಹೋಯಿತು. ಮೊದಮೊದಲು ಅವಳಿಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಬೇಕು. ತೊಟ್ಟಿಯ ತುಕ್ಕು ಅಷ್ಟು ಚೆನ್ನಾಗಿ ಬಂದಿತ್ತು. ಆದರೆ ಮಾವ ಉಜ್ಜುತ್ತ ಉಜ್ಜುತ್ತ ಮಾತಾಡತೊಡಗಿದ್ದರು. ಚಳಿಗೆ ಗಟ್ಟಿಯಾದ ನಲ್ಲಿಗೆ ಬಿಸಿ ಬಟ್ಟೆ ಸುತ್ತಿದ್ದು, ಮೀಸೆ ಅನ್ನುವ ಜೊತೆಗಾರ ತೊಟ್ಟಿಯ ಮೇಲೆ ಮಲಗಿ ನಿದ್ದೆಯಲ್ಲಿ ಉರುಳಿಬಿದ್ದದ್ದು. ಪೋಸ್ಟ್ ಕಾರ್ಡು ಯಾವಾಗಲೋ ತುಂಬಿ ಹೋಗಿತ್ತು. ಅವಳು ಕಡ್ಡಿ ಅದ್ದಿ ಅದ್ದಿ ಕೊಡುತ್ತ ಕೇಳಿದಳು, ತುಂಬ ಖುಷಿಯಾಗಿ ಕೇಳಿದಳು.

ಬಾಗಿಲ ಕೆಳಗಿನ ಮೆಟ್ಟಿಲಿಗೆ ಬಂದಾಗ ಮಾವನ ಕೈ ನಿಂತಿತು. "ಇದು ಹೋಗ್ತಿಲ್ವಲ್ಲ."

ಡ್ರೈವರನ ಕಡೆಯ ಆ ಮೆಟ್ಟಿಲಿನಲ್ಲಿ ಬಣ್ಣ ಸವೆದು ಲೋಹ ಕಾಣುವಂತಿತ್ತು. ಪೂರ್ತಿ ಅಲ್ಲ, ಎಡಗಡೆಯ ಅಂಚಿನಲ್ಲಿ ಮಾತ್ರ.

"ಅದು ವಾರ್ನಿಷ್‌ಗಿಂತ ಮೊದಲೇ ಮಾಡಿದ್ದು ಮಾವ. ಬೇಡ ಅಂದ್ರೆ ಬಣ್ಣ ಹಚ್ಚಿಬಿಡ್ತೀನಿ."

"ಅಂಚಲ್ಲಿ ಮಾತ್ರ ಯಾಕೆ ಸವೆಸಿದೀಯ?"

ಅವಳಿಗೆ ನಾಚಿಕೆಯಾಯಿತು. "ನಿಮ್ಮ ಚಪ್ಪಲಿ ನೋಡಿ ಮಾಡಿದ್ದು. ಎಡಗಡೆದು ಯಾವಾಗ್ಲೂ ಹೊರಗಡೆ ಅಂಚಲ್ಲೇ ಸವೆಯುತ್ತೆ. ಗಾಡಿ ಹತ್ತುವಾಗ್ಲೂ ಕಾಲು ಹಾಗೇ ಇಟ್ಟಿರ್ತೀರಿ ಅಂತ."

ಮಾವ ಎದ್ದು ಹೊಸ್ತಿಲ ಹತ್ತಿರ ಹೋಗಿ, ಬಗ್ಗಿ, ತಮ್ಮ ಎಡ ಚಪ್ಪಲಿ ತಿರುಗಿಸಿ ನೋಡಿದರು. ವಾಪಸ್ ಬಂದು ಕುಳಿತು ಹತ್ತಿಕಡ್ಡಿ ಎತ್ತಿಕೊಂಡರು. "ಅದು ಹಾಗೇ ಇರಲಿ," ಎಂದರು. "ಹೂಂ."

ಮತ್ತೆ ಹೂಂ! ಅಲ್ಲಿಗೆ ಕಥೆ ಮುಗಿಯಿತು, ಸಿಕ್ಕಿದಷ್ಟೇ ಲಾಭ ಎಂದು ಅವಳು ಚಕ್ರದ ಕಡೆ ತಿರುಗಿದಳು.

ಭಾನುವಾರ ಮಧ್ಯಾಹ್ನ ಜೊತೆಗಾರರು ಬಂದರು. ಮೀಸೆಗೆ ಈಗ ಮೀಸೆಯೇ ಇರಲಿಲ್ಲ. ಇನ್ನೊಬ್ಬರನ್ನು ದಡಿಯ ಅನ್ನುತ್ತಿದ್ದರಂತೆ, ಅವರು ಕಡ್ಡಿಯಾಗಿದ್ದರು. ಊಟವಾಗಿ ಎಲ್ಲರೂ ಹಜಾರದಲ್ಲಿ ಕುಳಿತರು. ಸೊಸೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮೇಜಿನ ಮೇಲೆ ಲಾರಿ ಥಳಥಳ ಹೊಳೆಯುತ್ತ ನಿಂತಿತ್ತು.

"ಅಯ್ಯೋ, ನಿನ್ನ ಗಾಡಿ ಅಲ್ವೇನೋ ಇದು!" ಎಂದು ಮೀಸೆ ಕೂಗಿದ್ದು ಅವಳಿಗೆ ಕೇಳಿಸಿತು. ಹಿಂದೆಯೇ ಮಾವನ ದನಿ, ಅವಳು ಎಂದೂ ಕೇಳದಷ್ಟು ಜೋರಾಗಿ: "ಏಯ್, ಕೈ ತೆಗಿ! ಡ್ರೈವರನ್ನ ಕೇಳ್ದೆ ಗಾಡಿ ಮುಟ್ತೀಯಾ? ಎಲ್ಲಾ ಮರೆತುಬಿಟ್ಯಾ?"

"ಸರಿಯಪ್ಪಾ, ಕೇಳ್ತೀನಿ. ಡ್ರೈವರೇ, ಮುಟ್ಲಾ?"

"ನನ್ನನ್ನೇನು ಕೇಳ್ತೀಯ? ನಾನು ಬರೀ ತೊಳೆದೋನು. ಡ್ರೈವರ್ ಒಳಗಿದಾಳೆ." ಮಾವ ಅಡುಗೆಮನೆಯ ಕಡೆ ಕುತ್ತಿಗೆ ತಿರುಗಿಸಿ ಕರೆದರು. "ಅಮ್ಮಾ, ಒಂದು ನಿಮಿಷ ಬಾ ಇಲ್ಲಿ. ಇವನು ನಿನ್ನ ಗಾಡಿ ಮುಟ್ಟಬೇಕಂತೆ."

ಅವಳ ಕೈಯಲ್ಲಿದ್ದ ತಟ್ಟೆ ಜಾರಿ ನೀರಿಗೆ ಬಿತ್ತು. ಒದ್ದೆ ಕೈ ಒರೆಸಿಕೊಳ್ಳುತ್ತ ಹಜಾರದ ಬಾಗಿಲಿಗೆ ಬಂದಳು. ಮೂವರು ಮುದುಕರೂ ಅವಳ ಅಪ್ಪಣೆಗೆ ಕಾಯುತ್ತಿದ್ದರು.

"ಕೈ ತೊಳ್ಕೊಂಡು ಬಂದು ಮುಟ್ಟಿ," ಎಂದಳು. "ನೀರಿನ ಗಾಡಿ ಅದು."

ಮಾವ ನಕ್ಕರು. ಅವಳು ಮಾಡಿಕೊಟ್ಟ ಅಷ್ಟೂ ಹಲ್ಲು ಕಾಣುವ ಹಾಗೆ ನಕ್ಕರು.