ಕಾರಿನಡಿಯ ಸಿಮೆಂಟ್ ಬ್ಲಾಕು

ರಸ್ತೆಯಲ್ಲಿ ಸಣ್ಣ ಗುಂಡಿಯೊಂದು ಬಂದರೂ ಸಾಕು, ಗಾರೆಯವನ ಹಳೇ ಕಾರಿನ ಹಿಂಭಾಗ ಮೂರು ಸಲ ಎದ್ದು ಬೀಳುತ್ತಿತ್ತು. ಆ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದವಳು ಅವನ ತಾಯಿ. ಅವಳ ಮೂತ್ರಪಿಂಡ ಕೈಕೊಟ್ಟಿತ್ತು. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಳ್ಳಬೇಕಿತ್ತು. ಬರುವಾಗ ಸೂಜಿ ಚುಚ್ಚಿಸಿಕೊಂಡ ಕೈಯನ್ನು ಎದೆಗೆ ಅವುಚಿಕೊಂಡು ಹಲ್ಲು ಕಚ್ಚಿ ಕೂರುತ್ತಿದ್ದಳು. ಅವಳ ಬೆನ್ನಿಗೆ ಸೊಸೆ ದಾರಿಯುದ್ದಕ್ಕೂ ತನ್ನ ಅಂಗೈಯನ್ನೇ ಆನಿಸಿಕೊಂಡಿರುತ್ತಿದ್ದಳು. ಮಗನಿಗೆ ನೋವಾಗಬಾರದೆಂದು ಮುದುಕಿ ರಸ್ತೆಯನ್ನು ಬೈಯುತ್ತಿದ್ದಳು.

ತಪ್ಪು ರಸ್ತೆಯದಲ್ಲ. ಕುಲುಕಾಟ ತಡೆಯುವ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳು ಎಣ್ಣೆ ಸೋರಿ ಕೆಲಸಕ್ಕೆ ಬಾರದಂತಾಗಿದ್ದವು. ಗಾರೆಯವನು ಹೊಸ ಜೋಡಿ ತಂದ. ನಾಳೆ ಆಸ್ಪತ್ರೆಯ ದಿನ. ನಾಲ್ಕು ಬೋಲ್ಟಿನ ಕೆಲಸಕ್ಕೆ ಇನ್ನೊಬ್ಬರೇಕೆ, ತಾನೇ ಹಾಕುತ್ತೇನೆ ಎಂದ.

ಮಧ್ಯಾಹ್ನ ಸೊಸೆ ಬಟ್ಟೆ ಹರವಲು ಅಂಗಳಕ್ಕೆ ಬಂದಳು. ಹಿಂದಿನ ಚಕ್ರಗಳೆರಡೂ ಗೋಡೆಗೆ ಒರಗಿದ್ದವು. ಕಾರು ಎರಡು ಟೊಳ್ಳು ಸಿಮೆಂಟ್ ಬ್ಲಾಕುಗಳ ಮೇಲೆ ಕೂತಿತ್ತು. ಅದರ ಕೆಳಗಿನಿಂದ ಗಂಡನ ಎರಡು ಕಾಲು ಮಾತ್ರ ಕಾಣುತ್ತಿದ್ದವು.

ಈಚೆ ಬನ್ನಿ ಎಂದು ಎರಡು ಸಲ ಕರೆದಳು. ಅವನು ಕೆಳಗಿನಿಂದಲೇ ನಕ್ಕ. ಇಪ್ಪತ್ತೈದು ವರ್ಷದಿಂದ ಬ್ಲಾಕು ಕಟ್ಟಿದವನು ತಾನು. ಮೂರು ಮಹಡಿಯ ಮನೆಗಳೇ ಇದರ ಮೇಲೆ ನಿಂತಿರುವಾಗ ಈ ತಗಡಿನ ಡಬ್ಬ ಯಾವ ಲೆಕ್ಕ ಎಂದ. ಅವಳಿಗೆ ಕಾರಿನ ವಿಚಾರ ಗೊತ್ತಿರಲಿಲ್ಲ. ಬಕೆಟ್ ಅಲ್ಲೇ ಬಿಟ್ಟು ಪಕ್ಕದ ಮನೆಗೆ ಓಡಿದಳು.

ಪಕ್ಕದ ಮನೆಯಾಕೆಯನ್ನು ಬೀದಿಯವರೆಲ್ಲ ಡಿಪೋ ಅಕ್ಕ ಎನ್ನುತ್ತಿದ್ದರು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ರಿಪೇರಿ ಮಾಡಿ ನಿವೃತ್ತಳಾದವಳು. ಸೊಸೆಯ ಜೊತೆ ಓಡೋಡಿ ಬಂದರೂ ಅವಳು ಕೂಗಲಿಲ್ಲ. ಕೆಳಗಿರುವವನು ಬೆಚ್ಚಿ ಕೈಕಾಲು ಒದರಬಾರದೆಂದು ನೆಲಕ್ಕೆ ಕೂತು ಮೆಲ್ಲಗೆ ಮಾತಾಡಿದಳು.

"ತಮ್ಮಾ, ಸ್ಪ್ಯಾನರ್ ಅಲ್ಲೇ ಬಿಡು. ಏನೂ ಮುಟ್ಟದೆ ಜಾರಿಕೊಂಡು ಈಚೆ ಬಾ."

"ಇನ್ನೊಂದೇ ಬೋಲ್ಟ್ ಅಕ್ಕ. ಬಿಗಿದುಕೊಂಡಿದೆ. ಎರಡು ಏಟು ಹಾಕಿದ್ರೆ ಬರುತ್ತೆ."

"ನನ್ನ ಗಂಡನೂ ಹಿಂಗೇ ಅಂದಿದ್ರು."

ಅವಳ ಗಂಡ ಹೇಗೆ ಹೋದನೆಂದು ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ನೆಲ ನೋಡುತ್ತಲೇ ಅವಳು ಹೇಳಿದಳು. ಅದೊಂದು ರಜೆಯ ದಿನ, ಗಂಡ ಮನೆಯಲ್ಲೇ ಕಾರು ರಿಪೇರಿಗೆ ಕೂತಿದ್ದ. ಡಿಪೋದಲ್ಲಿ ಗಾಡಿಯಡಿಗೆ ಆಸರೆ ಕೊಡುವ ಒಳ್ಳೇ ಕಬ್ಬಿಣದ ಸ್ಟ್ಯಾಂಡುಗಳಿದ್ದವು, ತರಲು ತನಗೇ ಬೇಜಾರು. ಬ್ಲಾಕು ಎತ್ತಿಕೊಟ್ಟವಳೂ ತಾನೇ.

"ಬ್ಲಾಕು ಒಡೀತು. ಕಾರು ಎತ್ತೋಕೆ ಆರು ಜನ ಬೇಕಾಯ್ತು. ಆರು ಜನ ಸೇರೋ ಹೊತ್ತಿಗೆ ಅವರು ನನ್ನ ಕರೆಯೋದು ನಿಲ್ಲಿಸಿದ್ರು."

ಆ ಬ್ಲಾಕು ಕಳಪೆಯದಿರಬೇಕು, ಇವು ತಾನೇ ಅಚ್ಚು ಹಾಕಿದವು ಎಂದ ಗಾರೆಯವನು. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

ಆಗ ಅವನ ಹೆಂಡತಿ ಕೇಳಿದಳು: "ಗೋಡೆ ಕಟ್ಟುವಾಗ ಅರ್ಧ ಬ್ಲಾಕ್ ಬೇಕಾದ್ರೆ ಏನ್ ಮಾಡ್ತೀರಿ?"

"ಕರಣೆ ಅಂಚಲ್ಲಿ ಒಂದು ಏಟು..." ಮಾತು ಅರ್ಧಕ್ಕೇ ನಿಂತಿತು.

ಗೋಡೆಯಲ್ಲಾದರೆ ಗಾರೆಯ ಮೇಲೆ ಭಾರ ಹರಡಿ ಕೂರುತ್ತದೆ. ಇಲ್ಲಿ ಒಂದೇ ಕಬ್ಬಿಣದ ಅಂಚು ಬ್ಲಾಕನ್ನು ಒತ್ತುತ್ತಿತ್ತು. ಅವನು ತಲೆ ಹೊರಳಿಸಿ ಕಿವಿಯ ಪಕ್ಕದ ಬ್ಲಾಕು ನೋಡಿದ. ಕೂದಲೆಳೆಯಷ್ಟು ಬಿರುಕು ಮೇಲಿನಿಂದ ಕೆಳಗಿಳಿದಿತ್ತು. ಇಡುವಾಗ ಅದಿರಲಿಲ್ಲ.

ಕಾಲುಗಳು ಇಷ್ಟಿಷ್ಟೇ ಹೊರಬಂದವು, ಆಮೇಲೆ ಸೊಂಟ, ಕೊನೆಗೆ ಬೂದಿ ಬಡಿದಂಥ ಮುಖ. ಹೆಂಡತಿ ಬೈಯಲಿಲ್ಲ. ಅವನ ತೋಳು ಹಿಡಿದು ಕಾರಿನಿಂದ ದೂರ ಎಳೆದು, ಬೆನ್ನಿನ ಮಣ್ಣು ಕೊಡವತೊಡಗಿದಳು. ಮಣ್ಣು ಹೋದ ಮೇಲೂ ಕೊಡವುತ್ತಲೇ ಇದ್ದಳು.

ಡಿಪೋ ಅಕ್ಕ ತನ್ನ ಜಾಕು, ಎರಡು ಕಬ್ಬಿಣದ ಸ್ಟ್ಯಾಂಡು ತಂದಳು. ಮುಂದಿನ ಚಕ್ರಗಳ ಹಿಂದೆ ಮುಂದೆ ಮರದ ತುಂಡು ಜಡಿದಳು. ಹ್ಯಾಂಡ್‌ಬ್ರೇಕ್ ಹಾಕಿದೆಯಲ್ಲ ಎಂದ ಗಾರೆಯವನು.

"ಈ ಕಾರಲ್ಲಿ ಅದು ಹಿಡಿಯೋದು ಹಿಂದಿನ ಚಕ್ರನ. ಆ ಚಕ್ರ ಗೋಡೆಗೆ ಒರಗಿ ನಿಂತಿದೆ. ಯಾರನ್ನ ಹಿಡಿಯುತ್ತೆ, ಗೋಡೆನಾ?"

ಕಾರನ್ನು ಜಾಕಿನಿಂದ ಎತ್ತಿ, ಕೈ ಒಳಗೆ ಹಾಕದೆ ಪೊರಕೆಯ ಕೋಲಿನಿಂದ ಬಿರುಕು ಬಿಟ್ಟ ಬ್ಲಾಕನ್ನು ಎಳೆದರು. ಅದು ಎರಡು ತುಂಡಾಗಿ ಹೊರಬಂತು.

ಆಮೇಲಿನ ಕೆಲಸ ನಿಧಾನವಾಗಿ ನಡೆಯಿತು. ಕಾರಿನ ಗಟ್ಟಿ ಜಾಗ ನೋಡಿ ಸ್ಟ್ಯಾಂಡು ಕೊಟ್ಟರು. ಕಾರನ್ನು ತಳ್ಳಿ, ಅಲುಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕೆಳಗೆ ಕೈ ಹಾಕಿದ್ದು. ಹಳೇ ಶಾಕ್ ಬಿಚ್ಚಿದೊಡನೆ ಎರಡು ಚಕ್ರಗಳ ನಡುವಿನ ಆಕ್ಸಲ್ ಕೆಳಗೆ ಬಿದ್ದು ಬ್ರೇಕಿನ ಪೈಪು ಹರಿಯಬಹುದು. ಅದಕ್ಕೆ ಆಕ್ಸಲ್ಲಿನ ಅಡಿಗೆ ಜಾಕು ಇಟ್ಟರು. ಒಂದು ಬದಿ ಮುಗಿದ ಮೇಲೆ ಇನ್ನೊಂದು ಬದಿ. ಒಂದನ್ನೇ ಬದಲಾಯಿಸಿದರೆ ಕಾರು ಒಂದು ಕಡೆಗೆ ವಾಲುತ್ತದೆಂದು ಎರಡನ್ನೂ ಹಾಕಿದರು. ಶಾಕಿನ ಕೆಳಗಿನ ಬೋಲ್ಟುಗಳನ್ನು, ಚಕ್ರ ಹಾಕಿ ಕಾರು ಇಳಿಸಿ ಅವು ನೆಲ ಮುಟ್ಟಿ ಭಾರ ಕೂತ ಮೇಲೆ ಕೊನೆಯದಾಗಿ ಬಿಗಿದರು.

ಗಾರೆಯವನು ಸ್ಟ್ಯಾಂಡುಗಳ ಎಣ್ಣೆ ಒರೆಸಿ ತಾನೇ ಹೊತ್ತುಕೊಂಡು ಹೋಗಿ ಡಿಪೋ ಅಕ್ಕನಿಗೆ ಕೊಟ್ಟ. ತಿಂಗಳೊಳಗೆ ತಾನೂ ಒಂದು ಜೋಡಿ ತರುವೆನೆಂದ.

"ತಂದ್ಮೇಲೆ ಕೇಳಿದವರಿಗೆ ಇಲ್ಲ ಅನ್ನಬೇಡ," ಎಂದಳು ಅವಳು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ಜಾಕು ಇರುವುದು ಕಾರು ಎತ್ತಲು. ಎತ್ತಿದ್ದನ್ನು ಹಿಡಿದು ನಿಲ್ಲಿಸಲು ಅಲ್ಲ. ಬ್ಲಾಕು, ಇಟ್ಟಿಗೆ, ಕಲ್ಲು ಯಾವುದನ್ನೂ ನಂಬಬೇಡಿ. ನಿಮ್ಮ ಕಾರಿನ ಶಾಕ್ ಸುತ್ತ ಸ್ಪ್ರಿಂಗ್ ಸುತ್ತಿದ್ದರೆ ಅದು ಸಿಡಿದು ಬಡಿಯಬಹುದು, ಮನೆಯಲ್ಲಿ ಬಿಚ್ಚಲೇಬೇಡಿ, ವರ್ಕ್‌ಶಾಪಿಗೆ ಒಯ್ಯಿರಿ. ಸ್ಟ್ಯಾಂಡು ಇಲ್ಲವೆಂದರೆ ಇವತ್ತು ಕೆಲಸ ಬೇಡ; ಕಾರು ಕಾಯುತ್ತದೆ. ನಿಮ್ಮ ಬೀದಿಯಲ್ಲಿ ಯಾರಾದರೂ ಕಾರಿನಡಿ ಮಲಗಿದ್ದು ಕಂಡರೆ, ನಮಗೇಕೆ ಎಂದು ದಾಟಿ ಹೋಗಬೇಡಿ. ಒಂದು ನಿಮಿಷ ಬಗ್ಗಿ, ಆ ಕಾರು ಯಾವುದರ ಮೇಲೆ ನಿಂತಿದೆ ನೋಡಿ. ಆಮೇಲೆ ಮೆಲ್ಲಗೆ ಕರೆಯಿರಿ.