ಒಡೆಯದ ಹಾಲು

ನಲ್ಲಿಯ ಸದ್ದು, ಇಷ್ಟು ಜೋರಾಗಿ ಯಾಕೆ ಬಿಟ್ಟಿದ್ದಾರೆ ಅತ್ತೆ, ಪುಟ್ಟಿ ಎದ್ದುಬಿಡುತ್ತಾಳೆ ಎಂದುಕೊಳ್ಳುತ್ತಲೇ ಅವಳು ಒಂದು ಚಪ್ಪಲಿ ಬಿಟ್ಟು ಇನ್ನೊಂದನ್ನು ಕಾಲಲ್ಲೇ ಇಟ್ಟುಕೊಂಡು ಅಡುಗೆಮನೆಗೆ ಇಣುಕಿದರೆ — ಸಿಂಕಿನ ಮೇಲೆ ಬಗ್ಗಿದ ಅತ್ತೆ, ಕೈಯಲ್ಲಿ ನಿನ್ನೆ ಅವಳು ಆಫೀಸಿನಲ್ಲಿ ಎದೆಹಾಲು ಹಿಂಡಿ ತಂದು ಫ್ರಿಜ್ಜಿನಲ್ಲಿಟ್ಟ ಬಾಟಲಿ, ಬಿಳಿಯ ಧಾರೆ, ಅರ್ಧ ಆಗಲೇ ಹೋಗಿದೆ. ಅಯ್ಯೋ, ಇಷ್ಟು ಬೇಗ ಬಂದ್ಯಾ? ಆಫೀಸಲ್ಲಿ ಕರೆಂಟು ಹೋಯ್ತು, ಬಿಟ್ಟುಬಿಟ್ರು, ಅತ್ತೇ, ಅದು ನನ್ನ ಹಾಲು. ಗೊತ್ತು ಕಣೇ, ಕೆಟ್ಟೋಗಿದೆ, ನೋಡಿಲ್ಲಿ, ಮೇಲೆ ಬೇರೆ, ಕೆಳಗೆ ಬೇರೆ, ಒಡೆದಿರೋದನ್ನ ಮಗೂಗೆ ಕುಡಿಸಕ್ಕಾಗುತ್ತಾ? ಒಡೆದಿಲ್ಲ, ತಣ್ಣಗಿಟ್ಟರೆ ಕೆನೆ ಮೇಲೆ ಬಂದು ನಿಲ್ಲುತ್ತೆ ಅಷ್ಟೇ, ಎನ್ನುತ್ತ ಅವಳು ಬಾಟಲಿ ಕಿತ್ತುಕೊಂಡು ಮುಚ್ಚಳ ಹಾಕಿ ಮೆಲ್ಲಗೆ ತಿರುಗಿಸುತ್ತಾಳೆ, ಮೇಲಿನದು ಕೆಳಗಿನದರಲ್ಲಿ ಸೇರಿ ಎಲ್ಲ ಒಂದೇ ಬಣ್ಣ. ಅತ್ತೆ ನಲ್ಲಿ ನಿಲ್ಲಿಸುತ್ತಾರೆ. ಯಾವಾಗಿನಿಂದ ಚೆಲ್ತಿದೀರಿ? ನೀನು ಕೆಲಸಕ್ಕೆ ಹೋಗೋಕೆ ಶುರು ಮಾಡಿದಾಗಿಂದ್ಲೂ ಹೀಗೇ ಇರ್ತಿತ್ತಲ್ಲ, ನೊಂದ್ಕೋತೀಯ ಅಂತ ನಾನೇ ಹೇಳ್ಲಿಲ್ಲ. ಮತ್ತೆ ಅವಳಿಗೆ? ಹಸುವಿನ ಹಾಲು, ಮುಕ್ಕಾಲು ನೀರು ಹಾಕಿ, ಎಳೇ ಹೊಟ್ಟೆಗೆ ಭಾರ ಆಗ್ಬಾರ್ದು ಅಂತ.

ಭಾರ ಆಗಬಾರದು, ಆಗಲೇ ಇಲ್ಲವಲ್ಲ, ಕ್ಲಿನಿಕ್ಕಿನ ತಕ್ಕಡಿಯ ಮುಳ್ಳು, ಹೋದ ತಿಂಗಳು ಎಲ್ಲಿ ನಿಂತಿತ್ತೋ ಈ ತಿಂಗಳೂ ಅಲ್ಲೇ, ನರ್ಸು ಅವಳ ಎದೆಯ ಕಡೆ ನೋಡಿ ನಿಮ್ಮ ಹಾಲು ಸಾಲ್ತಿಲ್ವೇನೋಮ್ಮ ಎಂದಾಗ ತಾನೇ ಕದ್ದವಳ ಹಾಗೆ ತಲೆ ತಗ್ಗಿಸಿದ್ದಳು, ಗಂಡನೂ ಹೋಗ್ಲಿ ಬಿಡೇ, ಎಲ್ಲರಿಗೂ ಆಗಲ್ಲ, ಯಾಕೆ ಒದ್ದಾಡ್ತೀಯ — ಒದ್ದಾಟವಂತೆ, ಪಾರ್ಸೆಲ್ ಆಫೀಸಿನ ಗೋದಾಮಿನಲ್ಲಿ, ಚಿಲಕವಿಲ್ಲದ ಬಾಗಿಲಿಗೆ ಕುರ್ಚಿ ಒತ್ತಿ, ಅದರ ಮೇಲೆ ತಾನೇ ಕೂತು, ಪೆಟ್ಟಿಗೆಗಳ ಧೂಳಿನಲ್ಲಿ ಸೀನು ತಡೆದುಕೊಂಡು ಹಿಂಡುವಾಗ ಹೊರಗೆ ಕೌಂಟರಿನವನು, ಏನ್ ಮೇಡಂ, ಡೈರಿ ಇನ್ನೂ ಮುಚ್ಚಿಲ್ವಾ, ಇಲ್ಲಿ ಜನ ಕ್ಯೂ ನಿಂತಿದಾರೆ, ಅದಕ್ಕೂ ಹಲ್ಲು ಕಚ್ಚಿ ನಕ್ಕಿದ್ದಳು, ಪುಟ್ಟಿ ಕುಡಿಯುತ್ತಾಳಲ್ಲ ಎಂದು, ಅದೊಂದೇ ಸಮಾಧಾನ, ಕಿರುಚಬೇಕು, ಈ ಸಿಂಕು ಒಡೆದು ಹೋಗುವ ಹಾಗೆ ಕಿರುಚಬೇಕು, ಆದರೆ ಯಾರ ಮೇಲೆ, ಎದುರಿಗೆ ನಿಂತವರು ನೊಂದ್ಕೋತೀಯ ಅಂತ ಹೇಳ್ಲಿಲ್ಲ ಎನ್ನುತ್ತಾರೆ, ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು.

ಒಳಗೆ ಪುಟ್ಟಿ ಅಳುತ್ತಾಳೆ, ಬಾಟಲಿ ಅತ್ತೆಯ ಕೈಗಿಟ್ಟು ಇವಳು ಓಡುತ್ತಾಳೆ, ಒಂದೇ ಚಪ್ಪಲಿಯಲ್ಲೇ, ಎತ್ತಿಕೊಂಡು ಎದೆಗಿಟ್ಟರೆ ಹಾಲು ಉಕ್ಕಿ ಮಗುವಿಗೆ ನೆತ್ತಿಗೇರುತ್ತದೆ, ಕೆಮ್ಮಿ ಮತ್ತೆ ಕಚ್ಚುತ್ತದೆ, ಕೆನ್ನೆಯ ಮೇಲೆ ಹರಿದು ಅವಳ ಕುಪ್ಪಸ ನೆನೆಯುತ್ತದೆ, ಇಷ್ಟಿದೆ, ಇಷ್ಟಿತ್ತು, ಸಾಲುತ್ತಿಲ್ಲ ಅಂದವರೆಲ್ಲ ಬಂದು ನೋಡಲಿ, ಕಡ್ಡಿಯಂಥ ಕೈ, ಎಳೆದರೆ ಸಡಿಲಾಗಿ ಬರುವ ತೊಡೆಯ ಚರ್ಮ. ಅತ್ತೆ ಬಾಗಿಲಲ್ಲಿ, ಬಾಟಲಿ ಎದೆಗವಚಿಕೊಂಡು, ಕಣ್ಣು ಒರೆಸಿಕೊಳ್ಳುತ್ತ, ಇದನ್ನೇನ್ ಮಾಡ್ಲಿ ಮಗಾ, ಇಡ್ಲಾ? ಇಡಿ ಎನ್ನಬೇಕು, ಆದರೆ ಕಣ್ಣೆದುರು ಮತ್ತೆ ಅದೇ ಕ್ಲಿನಿಕ್ಕು, ಬತ್ತಲೆ ಮಗು ತಕ್ಕಡಿಯ ತಟ್ಟೆಯ ಮೇಲೆ ಕೈಕಾಲು ಬಡಿಯುತ್ತಿದೆ, ಮುಳ್ಳು ನಡುಗುತ್ತದೆ, ಇನ್ನೊಂದು ಗೆರೆ, ಒಂದೇ ಒಂದು ಗೆರೆ ದಾಟು, ನಡುಗುತ್ತದೆ, ನಿಲ್ಲುತ್ತದೆ, ಅಲ್ಲೇ, ಮುಳ್ಳು, ಅಲ್ಲೇ —